ಮೂಗರ್ಜಿ

ಡಬ್ಬಿ ಬಿಸಿಯೂಟದ್ದು. 15 ಕಿಲೋ ಎಣ್ಣೆ ತೀರಿದ ಮೇಲೆ ಅಡುಗೆಯ ಅಕ್ಕ ಅದನ್ನು ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಚಿತ್ರಕಲೆಯ ಸರ್ ಹಸಿರು ಬಣ್ಣ ಬಳಿದು, ಬಿಳಿ ಅಕ್ಷರದಲ್ಲಿ ‘ದೂರು ಪೆಟ್ಟಿಗೆ’ ಎಂದು ಬರೆದರು. ಸಿಪಾಯಿ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ಮೇಲೊಂದು ಸೀಳು ಮಾಡಿದ. ಸೀಳಿನ ಅಂಚು ಹರಿತವಾಗಿಯೇ ಉಳಿದಿತ್ತು. ಮೊದಲ ವಾರವೇ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಬೆರಳು ಕೊಯ್ದು ರಕ್ತ ಬಂತು. ಹೆಸರಿಲ್ಲದೆ ಚೀಟಿ ಹಾಕಲು ಹೋದವಳು ಯಾರೆಂದು ಊಟದ ಗಂಟೆ ಬಡಿಯುವ ಮೊದಲೇ ಇಡೀ ಶಾಲೆಗೆ ಗೊತ್ತಾಯಿತು. ಆಮೇಲೆ ನಾನೇ ನಿಪ್ಪಾಣಿಯಿಂದ ಕರೀ ಟೇಪ್ ತಂದು ಅಂಚಿಗೆ ಸುತ್ತಿದೆ.

ಕೀಲಿಕೈ ನನ್ನ ಹತ್ತಿರ ಇತ್ತು.

ಇದು 2013ರ ಮಾತು. ನನ್ನ ಊರು ಬೇಡಕಿಹಾಳ. ಕಲಿಸುತ್ತಿದ್ದ ಶಾಲೆ ದೂಧಗಂಗೆಯ ದಂಡೆಯ ಬೇರೊಂದು ಊರಿನದು, ಅದರ ಹೆಸರು ಇಲ್ಲಿ ಬೇಡ. ನಾನು ಕನ್ನಡದ ಶಿಕ್ಷಕಿ. ಕನ್ನಡ ಮನೆಯ ಮಕ್ಕಳಿಗೆ ‘ಅಕ್ಕೋರು’, ಮರಾಠಿ ಮನೆಯ ಮಕ್ಕಳಿಗೆ ‘ಬಾಯಿ’. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆ ಹಿಂದಿನ ವರ್ಷದ ನವೆಂಬರ್ 14ರಿಂದ ಜಾರಿಗೆ ಬಂದಿತ್ತು. ಮಕ್ಕಳು ಬಾಯಿಬಿಟ್ಟು ಹೇಳಲಾರದ್ದನ್ನು ಬರೆದು ಹಾಕಲಿ ಎಂಬ ಮಾತು ನಮ್ಮಲ್ಲೂ ಬಂತು. ಮುಖ್ಯಗುರುಗಳು ಡಬ್ಬಿಯ ಕೀಲಿಕೈಯನ್ನು ನನ್ನ ಕೈಗೆ ಹಾಕಿ, ‘ನಿಮ್ಮ ಜ್ವಾಕಿ’ ಎಂದರು. ಹೆಣ್ಣುಮಕ್ಕಳ ವಿಷಯ ಹೆಂಗಸಿಗೇ ಇರಲಿ ಎಂಬ ವಿಚಾರ.

ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ತೆರೆಯುತ್ತಿದ್ದೆ. ‘ಹೆಣ್ಣಮಕ್ಕಳ ಸಂಡಾಸಕ್ಕ ಒಳಗ ಚಿಲಕ ಇಲ್ಲ.’ ‘ನೀರಿನ ಟಾಕಿ ತೊಳದಿಲ್ಲ.’ ‘ಒಬ್ಬ ಸರ್ ಬಾಳ ಬಡೀತಾರ.’ ‘ನನ್ನ ಕಂಪಾಸ್ ಪೆಟಿಗಿ ಕದ್ದವರಿಗೆ ದೇವರು ನೋಡಕೋತಾನ.’ ಒಮ್ಮೆ ಒಂದು ಪ್ರೇಮಪತ್ರವೂ ಇತ್ತು. ಅಂಚೆಪೆಟ್ಟಿಗೆ ಅಂದುಕೊಂಡನೋ, ಕೊಡಲು ಧೈರ್ಯ ಬರದೆ ಇದರಲ್ಲಿ ಹಾಕಿ ಕೈತೊಳೆದುಕೊಂಡನೋ! ಚಿಲಕದ ಚೀಟಿಗೆ ಮಾತ್ರ ನಾನು ಇಂದಿಗೂ ಋಣಿ. ಐದು ವರ್ಷ ಆ ಸಂಡಾಸದ ಮುಂದೆ ಹಾಯ್ದು ಹೋಗಿದ್ದರೂ ಬಾಗಿಲಿಗೆ ಒಳಗೆ ಚಿಲಕ ಇದೆಯೇ ಎಂದು ನಾನು ನೋಡಿರಲಿಲ್ಲ.

ಇನ್ನು ಹೆಸರಿನ ಮಾತು. ಯಾವ ಚೀಟಿಯಲ್ಲೂ ಹೆಸರಿರಲಿಲ್ಲ, ಆದರೆ ಮುಕ್ಕಾಲು ಪಾಲು ಚೀಟಿ ಯಾರದೆಂದು ನನಗೆ ಗೊತ್ತಾಗುತ್ತಿತ್ತು. ವರ್ಷಕ್ಕೆ ನೂರಾರು ನಿಬಂಧ ತಿದ್ದುವವಳ ಕಣ್ಣನ್ನು ಅಕ್ಷರ ತಪ್ಪಿಸಿಕೊಳ್ಳಲಾರದು. ಮರಾಠಿಯಲ್ಲಿ ಎ–ಏ, ಒ–ಓ ಎಂದು ಗಿಡ್ಡ-ಉದ್ದದ ಭೇದ ಬರವಣಿಗೆಯಲ್ಲಿಲ್ಲ. ಆ ಮನೆಯ ಮಕ್ಕಳು ‘ಓಂದು’, ‘ಏಲ್ಲರು’ ಎಂದೇ ಬರೆಯುತ್ತಾರೆ. ಒಬ್ಬ ಥಕಾರದ ಹೊಟ್ಟೆಯ ಚುಕ್ಕಿ ಮರೆಯುತ್ತಾನೆ, ಒಬ್ಬಳ ಕೊಂಬು ಮುಂದಿನ ಅಕ್ಷರಕ್ಕೆ ತಾಗುತ್ತದೆ. ಹೆಸರು ಹಾಕಿಲ್ಲ ಎಂಬ ನಂಬಿಕೆಯಲ್ಲಿ ಮಕ್ಕಳು ಬರೆಯುತ್ತಿದ್ದರು. ನಾನು ಓದುವುದು ಮಾತ್ರ ಮುಖ ನೋಡಿದ ಹಾಗೆ. ಆಗ ಇದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಒಳಗೊಳಗೆ ಜಂಬವೇ ಇತ್ತು.

ನನ್ನ ಅಪ್ಪ ತಲಾಠಿ. ಹೆಸರಿಲ್ಲದ ಅರ್ಜಿಗೆ ಸರ್ಕಾರಿ ಕನ್ನಡದಲ್ಲಿರುವ ಮಾತನ್ನು ನಾನು ಕಲಿತದ್ದು ಅವರ ಬಾಯಿಂದ: ಮೂಗರ್ಜಿ. ಮೂಗನ ಅರ್ಜಿ. ಹೊಲದ ಬದುವಿನ ಜಗಳ, ಬಾವಿಯ ಪಾಳಿಯ ಜಗಳ, ದಾಯಾದಿ ಮತ್ಸರ ಎಲ್ಲವೂ ಮೂಗರ್ಜಿಯಾಗಿ ಅವರ ಚಾವಡಿಗೆ ಬರುತ್ತಿದ್ದವು. ಅಪ್ಪ ಅವನ್ನು ಓದುತ್ತಲೂ ಇರಲಿಲ್ಲ. ಮನೆಗೆ ತಂದು ನೀರು ಕಾಯಿಸುವ ಹಂಡೆಯ ಒಲೆಗೆ ಹಾಕುತ್ತಿದ್ದರು. ‘ಎದುರು ನಿಂತು ಹೇಳಲಾರದವಗ ಹೇಳೋ ಹಕ್ಕೂ ಇಲ್ಲ’ ಎನ್ನುವುದು ಅವರ ನ್ಯಾಯ. ದೊಡ್ಡವರೂ ಇದೇ ಮಾತು ಹೇಳಿದ್ದಾರೆ. ಸುಮಾರು 1,900 ವರ್ಷಗಳ ಹಿಂದೆ ರೋಮಿನ ಚಕ್ರವರ್ತಿ ಟ್ರಾಜನ್ ತನ್ನ ಅಧಿಕಾರಿ ಪ್ಲಿನಿಗೆ ಬರೆದ ಉತ್ತರದಲ್ಲಿ, ಹೆಸರಿಲ್ಲದ ಆರೋಪಪಟ್ಟಿಗಳನ್ನು ಯಾವ ಮೊಕದ್ದಮೆಯಲ್ಲೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಅದು ಕೆಟ್ಟ ಮೇಲ್ಪಂಕ್ತಿಯಾಗುತ್ತದೆ ಎಂದಿದ್ದ. ನಮ್ಮ ಕೇಂದ್ರ ಜಾಗೃತ ಆಯೋಗವೂ 1999ರ ಜೂನ್‌ನಲ್ಲಿ ಮೂಗರ್ಜಿಗಳ ಮೇಲೆ ಯಾವ ಕ್ರಮವೂ ಬೇಡ ಎಂದು ಸುತ್ತೋಲೆ ಹೊರಡಿಸಿತು. ಅಪ್ಪ ಅದನ್ನು ಪೇಪರಿನಲ್ಲಿ ಓದಿ, ತಾನೇ ಬರೆದದ್ದೇನೋ ಎಂಬಂತೆ ನಮಗೆಲ್ಲ ಎರಡು ಸಲ ಓದಿ ಹೇಳಿದರು.

ಅದಕ್ಕೆ ಎರಡೇ ತಿಂಗಳ ಹಿಂದೆ, 1999ರ ಏಪ್ರಿಲ್ 20ರಂದು, ಅಮೆರಿಕದ ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಬಂದೂಕು ಹಿಡಿದು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಿದ್ದರು. ಅಲ್ಲಿಯವರು ಕಲಿತ ಪಾಠ ಅಪ್ಪನ ಪಾಠಕ್ಕೆ ತದ್ವಿರುದ್ಧ. ಶಾಲೆಗಳಲ್ಲಿ ನಡೆದ 37 ಇಂಥ ಘಟನೆಗಳನ್ನು ಅಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಕೂಡಿ ತಪಾಸು ಮಾಡಿ 2002ರಲ್ಲಿ ವರದಿ ಕೊಟ್ಟವು. 100ಕ್ಕೆ 81 ಪ್ರಕರಣಗಳಲ್ಲಿ ಮುಂದಾಗುವುದರ ಸುಳಿವು ಒಬ್ಬರಿಗಾದರೂ ಮೊದಲೇ ಇತ್ತು. ಬಹುತೇಕ ಗೆಳೆಯರಿಗೆ, ಜೊತೆಗೆ ಕಲಿಯುವವರಿಗೆ. ದೊಡ್ಡವರಿಗೆ ಹೇಳಿದವರು ತೀರ ವಿರಳ. ಹಾಗಾಗಿ ಕೊಲೊರಾಡೊದಲ್ಲಿ 2004ರಿಂದ ‘ಸೇಫ್ ಟು ಟೆಲ್’ ಎಂಬ ವ್ಯವಸ್ಥೆ ನಡೆದಿದೆ. ಮಗು ಹೆಸರು ಹೇಳಬೇಕಾಗಿಲ್ಲ, ಸುದ್ದಿ ಮುಟ್ಟಿಸಿದರೆ ಸಾಕು. ಅಲ್ಲಿ ಇನ್ನೂ ಹಳೆಯದೊಂದು ಪದ್ಧತಿಯೂ ಇದೆ. 1976ರಲ್ಲಿ ಆಲ್ಬುಕರ್ಕಿ ಊರಿನ ಪೊಲೀಸ್ ಪತ್ತೇದಾರನೊಬ್ಬ ಶುರು ಮಾಡಿದ ‘ಕ್ರೈಮ್ ಸ್ಟಾಪರ್ಸ್’. ಇದರಲ್ಲಿ ಹೆಸರಿಲ್ಲ, ಒಂದು ನಂಬರು ಕೊಡುತ್ತಾರೆ, ಸುಳಿವು ಫಲಿಸಿದರೆ ರೊಕ್ಕ ಕೊಡುತ್ತಾರೆ. ಅದೂ ಶಾಲೆಗಳೊಳಗೆ ಬಂತು. ಗೆಳೆಯನ ಚೀಲದಲ್ಲಿ ಏನಿದೆ ಎಂದು ಹೇಳಿದ ಹುಡುಗನಿಗೆ ರೊಕ್ಕ ಕೊಡುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಹೇಳುವುದು ಧರ್ಮವಾಗಿದ್ದರೆ ಅದಕ್ಕೆ ಕೂಲಿ ಯಾಕೆ?

ಅಪ್ಪನ ನ್ಯಾಯದಲ್ಲಿ ಒಂದು ತೂತು ಇತ್ತು, ಅದು ನನಗೆ ಕಂಡದ್ದು ಡಬ್ಬಿಯ ಕೀಲಿಕೈ ಕೈಗೆ ಬಂದ ಮೇಲೆ. ಎದುರು ನಿಂತು ಹೇಳು ಎನ್ನುವವನಿಗೆ ನಿಲ್ಲಲು ನೆಲ ಇರುತ್ತದೆ. ತಲಾಠಿಗೆ ಇತ್ತು. ತನ್ನ ಸೋದರಮಾವನ ಮೇಲೆ, ತನ್ನ ಮೇಷ್ಟರ ಮೇಲೆ ಹೇಳಬೇಕಾದ ಹದಿಮೂರರ ಹುಡುಗಿ ಎಲ್ಲಿ ನಿಲ್ಲಬೇಕು? ಕಾಯ್ದೆಗೆ ಇದು ತಿಳಿದಿದೆ. ಪೋಕ್ಸೋದ 19ನೇ ಕಲಮು ಗೊತ್ತಿದ್ದವರೆಲ್ಲ ತಿಳಿಸಲೇಬೇಕು ಎನ್ನುತ್ತದೆ, 21ನೇ ಕಲಮು ತಿಳಿಸದ ದೊಡ್ಡವರಿಗೆ ಶಿಕ್ಷೆ ಹೇಳಿ ಮಕ್ಕಳನ್ನು ಮಾತ್ರ ಅದರಿಂದ ಹೊರಗಿಡುತ್ತದೆ. ಮಗು ಹೇಳಿದ್ದು ಸುಳ್ಳೆಂದು ಆಮೇಲೆ ಗೊತ್ತಾದರೂ ಮಗುವಿಗೆ ದಂಡನೆ ಇಲ್ಲ. ಕಾಯ್ದೆ ಬರೆದವರು ಅಪ್ಪನಿಗಿಂತ ಕರುಣಾಳುಗಳು ಎನಿಸಿತು.

ಕಾಯ್ದೆಯ ಮಾತು ಅಲ್ಲಿಗೆ ಬಿಡುತ್ತೇನೆ. ನನ್ನನ್ನು ಕಾಡಿದ್ದು ಬೇರೆ. ನಾವು ಜೈನರು. ಸದಲಗಾ, ಭೋಜ, ಗಳತಗಾ, ಶಮನೇವಾಡಿ ಎಂದು ನಮ್ಮ ಸುತ್ತಿನ ಯಾವ ಊರಿಗೆ ಹೋದರೂ ಒಂದು ಬಸ್ತಿ ಇದೆ. ಆಚಾರ್ಯ ಶಾಂತಿಸಾಗರರ ಮನೆತನ ಭೋಜದ್ದು, ಆಚಾರ್ಯ ವಿದ್ಯಾಸಾಗರರು ಸದಲಗಾದವರು. ಚಾತುರ್ಮಾಸದಲ್ಲಿ ಹೆಂಗಸರು ಮಧ್ಯಾಹ್ನ ಸ್ವಾಧ್ಯಾಯಕ್ಕೆ ಕೂಡುತ್ತೇವೆ. ಅಲ್ಲಿ ಸಮ್ಯಕ್ತ್ವದ, ಅಂದರೆ ಸರಿಯಾದ ಶ್ರದ್ಧೆಯ, ಎಂಟು ಅಂಗಗಳನ್ನು ಓದುವಾಗ ಉಪಗೂಹನಕ್ಕೆ ಬಂದರೆ ನನ್ನ ಕುಂಡೆಯ ಕೆಳಗೆ ಮುಳ್ಳು ಇಟ್ಟಂತಾಗುತ್ತಿತ್ತು. ಉಪಗೂಹನ ಎಂದರೆ ಧರ್ಮಬಂಧುವಿನ ದೋಷವನ್ನು ಮುಚ್ಚುವುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದಕ್ಕೆ ಜಿನೇಂದ್ರಭಕ್ತ ಎಂಬ ಸೆಟ್ಟಿಯ ಹೆಸರು ಹೇಳುತ್ತದೆ. ಕಥೆ ಎಲ್ಲರಿಗೂ ಗೊತ್ತು: ತಾಮ್ರಲಿಪ್ತಿಯ ಸೆಟ್ಟಿಯ ಮನೆಯ ಬಸದಿಯಲ್ಲಿ ಪಾರ್ಶ್ವನಾಥನ ಛತ್ರಕ್ಕೊಂದು ವೈಡೂರ್ಯ ಮಣಿ. ಸೂರ್ಯನೆಂಬ ಕಳ್ಳ ಕ್ಷುಲ್ಲಕನ, ಎಂದರೆ ಜೈನ ತ್ಯಾಗಿಯ, ವೇಷದಲ್ಲಿ ಬಂದು ನಂಬಿಕೆ ಗಳಿಸಿ ಒಂದು ರಾತ್ರಿ ಮಣಿ ಎತ್ತಿಕೊಂಡು ಓಡುತ್ತಾನೆ, ಕಾವಲಿನವರು ಬೆನ್ನು ಹತ್ತುತ್ತಾರೆ. ಆಗ ಸೆಟ್ಟಿ, ‘ಬಿಡಿರಿ, ನಾನೇ ತರಲು ಹೇಳಿದ್ದೆ’ ಎನ್ನುತ್ತಾನೆ. ಜನ ಚದುರಿದ ಮೇಲೆ ಒಬ್ಬನೇ ಅವನನ್ನು ಗದರಿಸಿ ಕಳಿಸುತ್ತಾನೆ.

ಹಾಗಾದರೆ ಶಾಲೆಯ ಪಡಸಾಲೆಯಲ್ಲಿ ದೋಷ ಬರೆದು ಹಾಕಿರೆಂದು ಡಬ್ಬಿ ಇಟ್ಟ ನಾನು ಮಕ್ಕಳಿಗೆ ಕಲಿಸುತ್ತಿರುವುದು ಏನು?

ಉತ್ತರ ಪುಸ್ತಕದಲ್ಲಿ ಸಿಗುವ ಮೊದಲು ಚೀಟಿಯಲ್ಲಿ ಸಿಕ್ಕಿತು. ‘ಗೇಟಿನ ಎದುರಿನ ಅಂಗಡ್ಯಾಗ ನಮ್ಮ ಸಾಲಿ ಹುಡುಗರಿಗೆ ಗುಟಖಾ ಕೊಡ್ತಾರ.’ ಅಂಗಡಿ ನನ್ನ ಕಾಕಾನ ಮಗನದು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಇದೆ. ಗುಟಖಾವನ್ನಂತೂ ಕರ್ನಾಟಕದಲ್ಲಿ 2013ರ ಮೇ ಕೊನೆಗೆ ಪೂರ್ತಿ ಬಂದ್ ಮಾಡಿದ್ದರು. ಆದರೆ ನಮ್ಮ ಸೀಮೆಯಲ್ಲಿ ತಂಬಾಕು ಎಂದರೆ ಅನ್ನ. ನಿಪ್ಪಾಣಿಯ ವಖಾರಗಳಲ್ಲಿ, ಬೀಡಿ ಕಟ್ಟುವ ಹೆಂಗಸರ ಮಡಿಲಲ್ಲಿ, 1981ರಲ್ಲಿ ದರಕ್ಕಾಗಿ ಹೆದ್ದಾರಿಯ ಮೇಲೆ ಕೂತ ರೈತರ ನೆನಪಿನಲ್ಲಿ ಅದರ ಘಾಟು ಇದೆ. ಅದಕ್ಕೇ ಯಾರಿಗೂ ಅದು ಅಪರಾಧದಂತೆ ಕಾಣುವುದಿಲ್ಲ. ನಾನು ಚೀಟಿಯನ್ನು ಮುಖ್ಯಗುರುಗಳಿಗೆ ಕೊಡಲಿಲ್ಲ. ಸಂಜೆ ಅವನ ಅಂಗಡಿಗೆ ಹೋಗಿ, ‘ತಮ್ಮಾ, ಹುಡುಗರಿಗೆ ಅದನ್ನೆಲ್ಲಾ ಕೊಡಬ್ಯಾಡ’ ಎಂದೆ.

‘ಯಾರು ಹೇಳಿದ್ರು ಅಕ್ಕಾ?’ ಎಂದ ಅವನು.

ಹೌದೋ ಅಲ್ಲವೋ ಎನ್ನಲಿಲ್ಲ. ಹದಿನೈದು ದಿನ ನಿಲ್ಲಿಸಿದ. ಆಮೇಲೆ ಬಿಸ್ಕೀಟಿನ ಬರಣಿಯ ಹಿಂದೆ ಇಟ್ಟು ಕೊಡತೊಡಗಿದ. ಜಿನೇಂದ್ರಭಕ್ತನ ವಾರಸುದಾರಳಂತೆ ನಾನು ದೋಷ ಮುಚ್ಚಿದ್ದೆ, ಆದರೆ ಮಣಿ ಕಳ್ಳನ ಜೇಬಿನಲ್ಲೇ ಉಳಿದಿತ್ತು. ಉಪಗೂಹನದ ಮುಂದಿನ ಅಂಗ ಸ್ಥಿತಿಕರಣ, ಜಾರಿದವನನ್ನು ಎತ್ತಿ ನಿಲ್ಲಿಸುವುದು. ಆಚಾರ್ಯರು ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಯಾಕೆಂದು ಆಗ ಹೊಳೆಯಿತು. ಮೊದಲನೆಯದನ್ನು ಮಾತ್ರ ಪಾಲಿಸುವುದಕ್ಕೆ ನಮ್ಮಲ್ಲಿ ಮನೆತನದ ಮರ್ಯಾದೆ, ಸಮಾಜದ ಮರ್ಯಾದೆ ಎಂದು ಹೆಸರಿದೆ. ಎರಡನೆಯ ಚೀಟಿ ಅದೇ ಅಂಗಡಿಯ ಬಗ್ಗೆ ಬಂದಾಗ ಕೊಡಬೇಕಾದವರಿಗೆ ಕೊಟ್ಟೆ. ಕಾಕಾನ ಮನೆಯವರು ಎರಡು ವರ್ಷ ನಮ್ಮ ಮನೆಗೆ ದೀಪಾವಳಿಯ ಫರಾಳ ಕಳಿಸಲಿಲ್ಲ.

ಬೇಕಾಗಿದ್ದ ಮಾತು ಸಿಕ್ಕಿದ್ದು ಶಿವಾರ್ಯರ ಭಗವತೀ ಆರಾಧನೆಯಲ್ಲಿ. ಕನ್ನಡಿಗರಿಗೆ ಆ ಪ್ರಾಕೃತ ಗ್ರಂಥ ದೂರದ್ದಲ್ಲ, ನಮ್ಮ ವಡ್ಡಾರಾಧನೆಯ ಕಥೆಗಳ ಬೇರು ಅದರ ಗಾಹೆಗಳಲ್ಲಿದೆ. ಈ ಸಂಬಂಧವನ್ನು ಬಿಡಿಸಿ ತೋರಿಸಿದವರಲ್ಲಿ ನಮ್ಮ ಸದಲಗಾದ ಡಾ. ಆ.ನೇ. ಉಪಾಧ್ಯೆ ಒಬ್ಬರು. ಹರಿಷೇಣನ ಬೃಹತ್ಕಥಾಕೋಶವನ್ನು 1943ರಲ್ಲಿ ಸಂಪಾದಿಸಿದಾಗ ಬರೆದ ಅವರ ಪೀಠಿಕೆಯೇ ಒಂದು ಗ್ರಂಥ. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಸದಲಗಾದ ಬಸ್ಸಿನಲ್ಲಿ ಕೂತ ಎಷ್ಟು ಮಂದಿಗೆ ಇದು ಗೊತ್ತೋ, ಇರಲಿ.

ಆರಾಧನೆಯಲ್ಲಿ, ತಪ್ಪನ್ನು ಗುರುವಿನ ಮುಂದೆ ತೋಡಿಕೊಳ್ಳುವ ಆಲೋಚನೆಯ ಪ್ರಸಂಗ ಬರುತ್ತದೆ. ಆಲೋಚನೆಗೆ ಹತ್ತು ದೋಷಗಳಿವೆ. ‘ಇಂಥ ತಪ್ಪಿಗೆ ಏನು ಪ್ರಾಯಶ್ಚಿತ್ತ’ ಎಂದು ಬೇರೆಯವರದೆಂಬಂತೆ ಮರೆಯಲ್ಲಿ ಕೇಳುವುದು ಒಂದು ದೋಷ, ಗದ್ದಲದ ನಡುವೆ ಯಾರಿಗೂ ಕೇಳದಂತೆ ಹೇಳಿಬಿಡುವುದು ಇನ್ನೊಂದು. ಇದು ಹೇಳುವವನಿಗೆ. ಕೇಳುವ ಆಚಾರ್ಯನಿಗೂ ಎಂಟು ಗುಣ ಬೇಕು, ಅವುಗಳಲ್ಲಿ ಒಂದರ ಹೆಸರು ಅಪರಿಶ್ರಾವಿ, ಸೋರದವನು. ಕಾದ ಕಬ್ಬಿಣ ಕುಡಿದ ನೀರು ಹೇಗೆ ಹೊರಗೆ ಬರುವುದಿಲ್ಲವೋ ಹಾಗೆ ಅವನ ಕಿವಿಗೆ ಬಿದ್ದ ದೋಷ ಹೊರಗೆ ಬರಬಾರದು.

ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಅಪ್ಪನಿಂದ ಹಿಡಿದು ಆಯೋಗದವರೆಗೆ ಎಲ್ಲರೂ ಪರೀಕ್ಷೆ ಮಾಡಿದ್ದು ಬರೆದವನನ್ನು. ಯಾಕೆ ಹೆಸರು ಹಾಕಲಿಲ್ಲ, ಎಷ್ಟು ಧೈರ್ಯ, ಎಷ್ಟು ಸತ್ಯ. ಆರಾಧನೆ ಪರೀಕ್ಷೆಯ ಅರ್ಧವನ್ನು ಓದುವವನ ಮೇಲೆ ಹಾಕುತ್ತದೆ. ಮೂಗರ್ಜಿಯಲ್ಲಿ ಮೂಗನಾಗಬೇಕಾದವನು ಡಬ್ಬಿಯ ಕೀಲಿಕೈ ಇಟ್ಟುಕೊಂಡವನು. ಹೆಸರಿಲ್ಲದಿರುವುದು ಚೀಟಿಯ ಗುಣವಲ್ಲ, ಓದುವವನು ಹಿಡಿದ ವ್ರತ. ಅಂದಿನಿಂದ ಈ ವ್ರತ ನನ್ನದು ಎಂದುಕೊಂಡೆ. ಎಷ್ಟು ಸಲೀಸಾಗಿ ಅಂದುಕೊಂಡೆ!

2015ರ ಬೇಸಿಗೆಗೆ ಮುಂಚೆ ಒಂದು ಚೀಟಿ ಬಂತು. ಗೆರೆಯ ನೋಟಬುಕ್ಕಿನಿಂದ ಹರಿದ ಅರ್ಧ ಹಾಳೆ, ನಾಲ್ಕು ಮಡಿಕೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಹೆಸರು ಬರೆದು, ‘ಇಕಿದು ಲಗ್ನ ಬರೂ ಗುರುವಾರ ಕಾಗಲ ಕಡೆ ಐತಿ. ಇಕಿಗೆ ಸಾಲಿ ಕಲಿಯೂದೈತಿ. ಏನಾರ ಮಾಡ್ರಿ’ ಎಂದಿತ್ತು. ಕಾಗಲ ಮಹಾರಾಷ್ಟ್ರ. ಈ ಕಡೆಯ ಅಧಿಕಾರಿಗಳ ಕಣ್ಣು ತಪ್ಪಿಸಬೇಕೆಂದರೆ ಗಡಿ ದಾಟಿ ಅಕ್ಕಿಕಾಳು ಹಾಕಿಸಿಕೊಂಡು ಬರುವುದು ಇಲ್ಲಿಯವರಿಗೆ ಗೊತ್ತಿದ್ದ ಉಪಾಯ. ಅಕ್ಷರ ನೋಡಿದೆ. ಇಳಿಜಾರು ಬರಹ, ಕೊಂಬಿನ ಬಾಲ ಉದ್ದ. ಕಿಟಕಿಯ ಬದಿ ಕೂಡುವ ಹುಡುಗಿಯದು, ಸಂಶಯವೇ ಇಲ್ಲ.

ಮುಖ್ಯಗುರುಗಳು ‘ಮನಿ ವಿಷಯರಿ ಅದು’ ಎಂದರು. ನಾನು ಗೋಡೆಯ ಮೇಲೆ ಬರೆಸಿದ್ದ ಮಕ್ಕಳ ಸಹಾಯವಾಣಿ 1098ಕ್ಕೆ ನಾನೇ ಫೋನು ಹಚ್ಚಿದೆ. ಎಲ್ಲ ಹೇಳಿಯಾದ ಮೇಲೆ ಆ ಕಡೆಯ ದನಿ ನನ್ನ ಹೆಸರು ಕೇಳಿತು. ‘ಹೊರಗ ಬರಬಾರದರಿ’ ಎಂದು ನನ್ನ ಬಾಯಿಂದ ಬಂತು. ತಲಾಠಿಯ ಮಗಳೂ ಮೂಗರ್ಜಿ ಕೊಟ್ಟಳು. ಬುಧವಾರ ಸಂಜೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯವರು ಪೊಲೀಸರ ಜೊತೆ ಆ ಮನೆಗೆ ಬಂದು, 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ತಂದೆ-ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಹೋದರು.

ಶನಿವಾರ ಹುಡುಗಿಯ ಅಜ್ಜ ಶಾಲೆಗೆ ಬಂದ. ಪಟಕಾ ಸುತ್ತಿದ ದೊಡ್ಡ ಆಳು, ಊರಿನಲ್ಲಿ ನಾಲ್ಕು ಮಂದಿ ಮಾತು ಕೇಳುವವನು. ಕುರ್ಚಿಯಲ್ಲಿ ಕೂಡಲಿಲ್ಲ. ‘ಅಕ್ಕೋರ, ನಿಮಗ ಹುಡುಗರ ಅಕ್ಷರಾ ಗೊತ್ತಾಗ್ತಾವು. ಯಾರ ಬರದಾರ, ಅಷ್ಟ ಹೇಳ್ರಿ’ ಎಂದ. ಮುಖ್ಯಗುರುಗಳ ಕಣ್ಣು ಮೇಜಿನ ಮೇಲಿನ ನಿಬಂಧದ ವಹಿಗಳ ಕಡೆ ಹೋಯಿತು. ನಾನು, ‘ಚೀಟಿ ಹರದ ಒಗದೇನ್ರಿ. ಅಕ್ಷರಾ ಗುರುತು ಹತ್ತಲಿಲ್ಲ’ ಎಂದೆ. ಎರಡೂ ಸುಳ್ಳು. ಈ ಸುಳ್ಳಿಗೆ ನಾನು ಪ್ರತಿಕ್ರಮಣದಲ್ಲೂ ಕ್ಷಮೆ ಕೇಳಿಲ್ಲ. ದಾರಿಗಳ್ಳರಿಗೆ ನಿಜ ಹೇಳಿ ಓಡಿಹೋಗುವವರನ್ನು ಹಿಡಿದುಕೊಟ್ಟು ನರಕಕ್ಕೆ ಹೋದ ಕೌಶಿಕನ ಕಥೆ ಮಹಾಭಾರತದ ಕರ್ಣಪರ್ವದಲ್ಲಿದೆ. ಕೃಷ್ಣ ಅರ್ಜುನನಿಗೆ ಹೇಳಿದ್ದು ನನಗೂ ಸಾಕು.

ಬಾಯಿ ಸೋರಲಿಲ್ಲ. ಸೋರಿದ್ದು ಬೇರೆ ಕಡೆಯಿಂದ. ಕಿಟಕಿಯ ಬದಿಯ ಹುಡುಗಿಯ ಮೇಲೆ ನನಗೆ ಅಭಿಮಾನ ಉಕ್ಕಿತ್ತು. ಪಾಠ ಶುರು ಮಾಡುವ ಮೊದಲು ಒಮ್ಮೆ ಅತ್ತ ನೋಡುತ್ತಿದ್ದೆ. ನನ್ನ ಹಳೆಯ ನಿಘಂಟು ಅವಳಿಗೆ ಕೊಟ್ಟೆ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಬಸ್ಸಿನವರೆಗೆ ಒಂದೆರಡು ದಿನ ಜೊತೆಗೆ ನಡೆದೆ, ಅಜ್ಜನ ಕಡೆಯವರು ಏನಾದರೂ ಅಂದಾರು ಎಂಬ ಕಾಳಜಿ. ತತ್ತ್ವಾರ್ಥಸೂತ್ರ ಸತ್ಯವ್ರತಕ್ಕೆ ಐದು ಅತಿಚಾರ, ಅಂದರೆ ಲೋಪ, ಹೇಳುತ್ತದೆ, ಕೊನೆಯದು ಸಾಕಾರಮಂತ್ರಭೇದ. ಮುಖ, ಹುಬ್ಬು, ಕೈಯ ಆಟ ನೋಡಿ ಇನ್ನೊಬ್ಬರ ಮನಸ್ಸಿನದನ್ನು ಊಹಿಸಿ ಹೊರಹಾಕುವುದು ಎಂದು ಪಂಡಿತರು ಬಿಡಿಸಿ ಹೇಳುತ್ತಾರೆ. ನಲವತ್ತು ಮಕ್ಕಳು ಬೆಂಚಿನ ಮೇಲೆ ಕೂತು ನನ್ನ ಮುಖದ ಮೇಲೆ ಮಾಡಿದ್ದು ಅದನ್ನೇ. ಓದಿಕೊಳ್ಳಲಿ ಎಂದು ಪುಟ ತೆರೆದಿಟ್ಟವಳು ನಾನು.

ಒಂದು ತಿಂಗಳೊಳಗೆ ಅವಳ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಳು. ಮಾತು ಬಿಟ್ಟರು. ನಮ್ಮೂರ ದಸರೆಗೆ ಸುತ್ತಿನ ಊರಿನ ಹುಡುಗಿಯರೆಲ್ಲ ಗುಂಪು ಕಟ್ಟಿಕೊಂಡು ಬರುತ್ತಾರೆ. ಆ ವರ್ಷ ಅವಳು ತಾಯಿಯ ಸೆರಗು ಹಿಡಿದು ಬಂದದ್ದನ್ನು ಬಳೆ ಅಂಗಡಿಯ ಮುಂದೆ ನೋಡಿದೆ. ನಾನು ಮಾತಾಡಿಸಲು ಹೋದರೆ ಅವಳು ಬೇರೆ ಕಡೆ ಮುಖ ತಿರುಗಿಸಿದಳು. ಲಗ್ನ ನಿಂತ ಹುಡುಗಿಯೂ ಅವಳ ಜೊತೆ ಮಾತು ಬಿಟ್ಟಿದ್ದಳು, ಅಜ್ಜನ ಭಯಕ್ಕೆ. ಕಿಟಕಿಯ ಬದಿಯವಳು ಹತ್ತನೇ ಪರೀಕ್ಷೆ ಮುಗಿಸಿ ನಿಪ್ಪಾಣಿಯ ಕಾಲೇಜಿಗೆ ಹೋದಳೆಂದು ಆಮೇಲೆ ಕೇಳಿದೆ. ಡಬ್ಬಿಯ ಕೀಲಿಕೈಯನ್ನು ನಾನು ಬೇರೆಯವರಿಗೆ ಕೊಡಿಸಿದೆ, ಕನ್ನಡ ಕಲಿಸದವರಿಗೆ. 2019ರ ಮಹಾಪೂರದಲ್ಲಿ ದೂಧಗಂಗೆ ಶಾಲೆಯ ಪಡಸಾಲೆ ಹೊಕ್ಕಾಗ ಡಬ್ಬಿ ತುಕ್ಕು ಹಿಡಿದು ಹೋಯಿತು.

ಹೋದ ವರ್ಷ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ‘ಅಕ್ಕೋರ’ ಎಂದರು. ಅವಳೇ. ರಕ್ತ ತಪಾಸು ಮಾಡುವ ಲ್ಯಾಬಿನಲ್ಲಿ ಕೆಲಸವಂತೆ, ಹೆಗಲಿಗೆ ಚೀಲ, ಕೈಯಲ್ಲಿ ಟಿಫಿನ್ ಡಬ್ಬಿ. ನನ್ನ ನಿಘಂಟು ಇನ್ನೂ ಇದೆ ಎಂದಳು. ಹೇಳಬೇಕೆಂದು ಒಂಬತ್ತು ವರ್ಷ ಇಟ್ಟುಕೊಂಡಿದ್ದನ್ನು ನಾನು ಹೇಳಿದೆ: ‘ಆ ಚೀಟಿ ವಿಷಯದಾಗ ನನ್ನಿಂದ ನಿನಗ ಬಾಳ ತ್ರಾಸ ಆತವಾ. ತಪ್ಪಾತು.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅದನ್ನ ನಾ ಬರದಿದ್ದಿಲ್ರಿ ಅಕ್ಕೋರ’ ಎಂದಳು.

‘ಮತ್ತ ಅವಾಗ ಯಾಕ ಹೇಳಲಿಲ್ಲ?’

‘ನಾ ಅಲ್ಲ ಅಂದಿದ್ರ ಮತ್ತೊಬ್ಬಾಕಿನ್ನ ಹುಡುಕ್ತಿದ್ರು.’

ಆ ಮತ್ತೊಬ್ಬಳು ಯಾರು, ಇವಳಿಗೆ ಗೊತ್ತಿತ್ತೇ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೇಡಕಿಹಾಳದ ಬಸ್ಸು ಹಿಂದಕ್ಕೆ ಸರಿದು ಪ್ಲಾಟ್‌ಫಾರ್ಮಿಗೆ ಹತ್ತಿತು, ಜನ ಬಾಗಿಲಿಗೆ ಮುಗಿಬಿದ್ದರು. ಅವಳು ನನ್ನ ಕೈಯಿಂದ ಚೀಲ ಕಿತ್ತುಕೊಂಡು ಬಸ್ಸಿನ ಬದಿಗೆ ಓಡಿ, ತೆರೆದ ಕಿಟಕಿಯೊಳಗೆ ಒಗೆದು ನನಗೊಂದು ಸೀಟು ಹಿಡಿದಳು.